ರೊಟಾಲಾ ಮ್ಯಾಕ್ರಾಂಡ್ರಾ ಕರಗದೆ ಕೆಂಪಾಗಬೇಕಾದರೆ

ಅಕ್ವೇರಿಯಂ ಅಂಗಡಿಯ ಟ್ಯಾಂಕಿನಲ್ಲಿ ಕೆಂಡದಂತೆ ಹೊಳೆಯುತ್ತಿದ್ದ ಗಿಡ ಮನೆಗೆ ಬಂದ ಐದಾರು ದಿನಕ್ಕೆ ಬುಡ ಕೊಳೆತು ಮೇಲೆ ತೇಲಿತು, ಎಲೆ ಮುಟ್ಟಿದರೆ ಲೋಳೆಯಂತೆ ಕೈಗೆ ಹತ್ತಿತು ಅಂದರೆ ಅದು ಬಹುಮಟ್ಟಿಗೆ ರೊಟಾಲಾ ಮ್ಯಾಕ್ರಾಂಡ್ರಾ. ಸೋತವರು ಮುಂದೆ ಏನು ಮಾಡುತ್ತಾರೆ ಅನ್ನುವುದೂ ಗೊತ್ತಿದ್ದದ್ದೇ: ಇನ್ನೂ ದೊಡ್ಡ ಲೈಟು, ಒಂದು ಬಾಟಲಿ ಐರನ್. ಎರಡೂ ಗಿಡವನ್ನು ಇನ್ನಷ್ಟು ಬೇಗ ಮುಗಿಸುತ್ತವೆ. ಈ ಗಿಡ ಕೇಳುವುದು ಹೆಚ್ಚು ಬೆಳಕನ್ನಲ್ಲ, ಹೆಚ್ಚು ಗೊಬ್ಬರವನ್ನೂ ಅಲ್ಲ. ನೀರು, ನೀರಿಗೆ ಬಿಡುವ ಇಂಗಾಲದ ಡೈಆಕ್ಸೈಡ್ ಗ್ಯಾಸು, ಬೆಳಕು ಇವತ್ತು ಹೇಗಿದ್ದವೋ ನಾಳೆಯೂ ಹಾಗೇ ಇರಬೇಕು, ಅಷ್ಟೇ. ಆ 'ಅಷ್ಟೇ' ಅನ್ನುವುದರಲ್ಲೇ ಕೆಲಸವೆಲ್ಲ ಇರುವುದು.

ಹೊರದೇಶದ ಗಿಡ ಅಂದುಕೊಂಡು ಕೊಳ್ಳುವವರೇ ಬಹಳ. ಇದು ನಮ್ಮ ಕಡೆಯದೇ. ಕೇರಳ, ಕರ್ನಾಟಕದ ಘಟ್ಟ ಮತ್ತು ಕರಾವಳಿಯ ಜೌಗು, ಮಳೆಗಾಲದ ಹೊಂಡ, ತೊರೆಗಳ ಅಂಚು ಇದರ ಮನೆ. 1880ರಲ್ಲಿ ಜರ್ಮನಿಯ ಸಸ್ಯಶಾಸ್ತ್ರಜ್ಞ ಕೋಹ್ನೆ ಇದಕ್ಕೆ ಹೆಸರಿಟ್ಟ. ಗೋರಂಟಿ, ದಾಳಿಂಬೆ, ಹೊಳೆದಾಸವಾಳ ಎಲ್ಲ ಇದರ ದಾಯಾದಿಗಳು. ಜಂಬಿಟ್ಟಿಗೆ ನೆಲದ ಮೇಲೆ ಹರಿದು ಬಂದ ಮಳೆನೀರಿನಲ್ಲಿ ಸುಣ್ಣದ ಅಂಶ ತೀರ ಕಡಿಮೆ. ಅಂಥ ನೀರಿಗೆ ಹೊಂದಿಕೊಂಡ ಗಿಡವನ್ನು ಬಯಲುಸೀಮೆಯ ಬೋರ್‌ವೆಲ್ ನೀರಿಗೆ ಇಳಿಸಿದರೆ ಏನಾಗಬೇಕೋ ಅದೇ ಆಗುತ್ತದೆ.

ಕೊಳ್ಳುವ ಮೊದಲು ಗುರುತು ನೋಡಿ. ಎಲೆಗಳು ಎದುರುಬದುರು, ಅಗಲ, ಅಂಚು ಸ್ವಲ್ಪ ಅಲೆಅಲೆ, ಒದ್ದೆ ಕಾಗದದಷ್ಟು ತೆಳು. ಎಲೆ ದಪ್ಪಗೆ, ಬಿರುಸಾಗಿ ಇದ್ದರೆ ಅದು ಲುಡ್ವಿಜಿಯಾನೋ ಆಲ್ಟರ್ನಾಂಥೆರಾನೋ ಆಗಿರುತ್ತದೆ. ಕಿರಿದಾದ ಗುಲಾಬಿ ಎಲೆಯ ರೊಟಂಡಿಫೋಲಿಯಾವನ್ನೂ 'ಕೆಂಪು ರೊಟಾಲಾ' ಅಂತಲೇ ಮಾರುತ್ತಾರೆ. ಅದು ಒಳ್ಳೆಯ ಗಿಡ, ಸುಲಭದ್ದೂ ಹೌದು, ಆದರೆ ಇದಲ್ಲ. ನೀರಿನ ಹೊರಗೆ ಬೆಳೆಸಿ ತಂದ ಮ್ಯಾಕ್ರಾಂಡ್ರಾ ಹಸಿರಾಗಿ, ಗುಂಡನೆಯ ಚಿಕ್ಕ ಎಲೆಯದಾಗಿ ಇರುತ್ತದೆ. ಅದನ್ನು ಮುಳುಗಿಸಿದರೆ ಹಳೆಯ ಎಲೆಗಳು ಉದುರಿಯೇ ಉದುರುತ್ತವೆ. ಹೆದರಬೇಡಿ, ಕುಡಿಯನ್ನು ಮಾತ್ರ ನೋಡುತ್ತಿರಿ. ಕುಡಿಯಲ್ಲಿ ಹೊಸ ಎಲೆ ಬಿಚ್ಚುತ್ತಿದ್ದರೆ ಗಿಡ ಬದುಕಿದೆ.

ನೀರಿನದೇ ಮೊದಲ ಲೆಕ್ಕ

ಮುಂದಿನ ಅಳತೆಗಳೆಲ್ಲ ಎಲ್ಲರ ಮನೆಯಲ್ಲೂ ಇರುವ ಎರಡು ಅಡಿ ಟ್ಯಾಂಕಿಗೆ, ಅಂದರೆ 24×12×15 ಇಂಚಿನದಕ್ಕೆ. ಲೆಕ್ಕಕ್ಕೆ 70 ಲೀಟರ್ ಅನ್ನಿಸಿದರೂ ಮಣ್ಣು, ಕಲ್ಲು, ಮೇಲಿನ ಎರಡು ಇಂಚು ಖಾಲಿ ಕಳೆದರೆ ಒಳಗೆ ನಿಲ್ಲುವ ನೀರು 55 ಲೀಟರ್. ಗೊಬ್ಬರವನ್ನು 70ಕ್ಕೆ ಲೆಕ್ಕ ಹಾಕಿ ಸುರಿಯುವುದು ಸಾಮಾನ್ಯ ತಪ್ಪು.

ಗುರಿ ಇದು: ಕೆಎಚ್ (ನೀರಿನ ಬೈಕಾರ್ಬೊನೇಟಿನ ಅಳತೆ) 0ಯಿಂದ 3, ಜಿಎಚ್ (ಕ್ಯಾಲ್ಷಿಯಂ, ಮೆಗ್ನೀಷಿಯಂನ ಅಳತೆ) 4ರ ಸುತ್ತಮುತ್ತ, ಉಷ್ಣತೆ 23ರಿಂದ 27 ಡಿಗ್ರಿ. ಟಿಡಿಎಸ್ ಮೀಟರ್ ಒಂದನ್ನೇ ನಂಬಿದರೆ ಪ್ರಯೋಜನವಿಲ್ಲ. ಅದು ನೀರಿನಲ್ಲಿ ಎಷ್ಟು ಕರಗಿದೆ ಅನ್ನುತ್ತದೆಯೇ ಹೊರತು ಏನು ಕರಗಿದೆ ಅನ್ನುವುದಿಲ್ಲ. ಹನಿ ಹಾಕಿ ಬಣ್ಣ ನೋಡುವ ಜಿಎಚ್, ಕೆಎಚ್ ಕಿಟ್ ಎರಡೂ ಬೇಕು.

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಇಲ್ಲೊಂದು ಗುಂಡಿ ಇದೆ, ಬಹಳ ಮಂದಿ ಬೀಳುತ್ತಾರೆ. ಕೆಳಗೆ ಸಾಫ್ಟ್‌ನರ್ ಕೂರಿಸಿರುತ್ತಾರೆ, ಸೋಪು ಚೆನ್ನಾಗಿ ನೊರೆಯುತ್ತದೆ, ಜಿಎಚ್ ಕಿಟ್ 0 ಅಥವಾ 1 ತೋರಿಸುತ್ತದೆ. 'ನಮ್ಮ ನೀರು ಮೆದು' ಅಂತ ನಿಶ್ಚಿಂತೆ. ಆದರೆ ಉಪ್ಪಿನ ಸಾಫ್ಟ್‌ನರ್ ಮಾಡುವುದು ಕ್ಯಾಲ್ಷಿಯಂ, ಮೆಗ್ನೀಷಿಯಂ ತೆಗೆದು ಆ ಜಾಗದಲ್ಲಿ ಸೋಡಿಯಂ ಕೂರಿಸುವ ಕೆಲಸ. ಬೈಕಾರ್ಬೊನೇಟ್ ಎಲ್ಲೂ ಹೋಗುವುದಿಲ್ಲ. ಕೆಎಚ್ ಅಳೆದರೆ 10, 12 ಬರುತ್ತದೆ. ಗಿಡಕ್ಕೆ ಬೇಕಾದ ಕ್ಯಾಲ್ಷಿಯಂ ಇಲ್ಲ, ಬೇಡದ ಸೋಡಿಯಂ ಧಾರಾಳ. ಮ್ಯಾಕ್ರಾಂಡ್ರಾಗೆ ಇದಕ್ಕಿಂತ ಕೆಟ್ಟ ನೀರು ಸಿಗುವುದು ಕಷ್ಟ, ನೇರ ಬೋರ್‌ವೆಲ್ ನೀರೇ ವಾಸಿ.

ದಾರಿ ಆರ್‌ಓ ನೀರು. ಅಡುಗೆಮನೆಯ ಪ್ಯೂರಿಫೈಯರ್‌ನದೇ ಬಳಸುವುದಾದರೆ ಅದರೊಳಗೆ ಟಿಡಿಎಸ್ ಕಂಟ್ರೋಲರ್ ಇದೆಯೇ ನೋಡಿ. ರುಚಿಗಾಗಿ ಸ್ವಲ್ಪ ಹಸಿನೀರು ಬೆರೆಸುವ ಸ್ಕ್ರೂ ಅದು. ಸರ್ವಿಸಿಗೆ ಬಂದವರು ಅದನ್ನು ಒಂದು ಸುತ್ತು ತಿರುಗಿಸಿ ಹೋದರೆ ನಿಮ್ಮ ನೀರು ನಿಮಗೇ ಗೊತ್ತಿಲ್ಲದೆ ಬದಲಾಗಿರುತ್ತದೆ. ಪ್ರತಿ ಸಲ ನೀರು ಹಿಡಿದಾಗ ಟಿಡಿಎಸ್ ನೋಡುವುದು ಇದಕ್ಕೆ. ಮೀಟರಿಗೆ ಇರುವ ನಿಜವಾದ ಉಪಯೋಗ ಇದೇ, ನಿನ್ನೆಯ ನೀರಿಗೂ ಇವತ್ತಿನದಕ್ಕೂ ವ್ಯತ್ಯಾಸ ಹಿಡಿಯುವುದು.

ಬರಿಯ ಆರ್‌ಓ ನೀರು ಖಾಲಿ ನೀರು. 20 ಲೀಟರ್ ಬಕೆಟ್ಟಿಗೆ 1.8 ಗ್ರಾಂ ಜಿಪ್ಸಂ, 1.3 ಗ್ರಾಂ ಮೆಗ್ನೀಷಿಯಂ ಸಲ್ಫೇಟ್ ಹಾಕಿದರೆ ಕ್ಯಾಲ್ಷಿಯಂ 21 ಪಿಪಿಎಂ (ಅಂದರೆ ಲೀಟರಿಗೆ 21 ಮಿಲಿಗ್ರಾಂ), ಮೆಗ್ನೀಷಿಯಂ 6 ಪಿಪಿಎಂ ಚಿಲ್ಲರೆ, ಜಿಎಚ್ ಸುಮಾರು 4.4 ಆಗುತ್ತದೆ. ಜಿಪ್ಸಂ ಬೇಗ ಕರಗುವುದಿಲ್ಲ. ರಾತ್ರಿಯೇ ಒಂದು ಲೀಟರ್ ಬಾಟಲಿಯಲ್ಲಿ ನೀರಿನ ಜೊತೆ ಕುಲುಕಿಟ್ಟು ಬೆಳಿಗ್ಗೆ ಮತ್ತೆ ಕುಲುಕಿ ಬಕೆಟ್ಟಿಗೆ ಹಾಕಿ. ಅಳೆಯಲು 0.01 ಗ್ರಾಂ ತೋರಿಸುವ ಚಿಕ್ಕ ತಕ್ಕಡಿ ಬೇಕೇ ಬೇಕು, ಚಮಚದ ಲೆಕ್ಕ ಬೇಡ. ಕೆಎಚ್‌ಗಾಗಿ ಅಡುಗೆ ಸೋಡಾ ಹಾಕಬೇಕೆಂದು ಕೆಲವರು ಹೇಳುತ್ತಾರೆ. ಅಕ್ವಾಸಾಯಿಲ್ (ಅಕ್ವೇರಿಯಂ ಗಿಡಗಳಿಗೆಂದೇ ಮಾರುವ ಹರಳು ಮಣ್ಣು) ಇರುವ ಟ್ಯಾಂಕಿನಲ್ಲಿ ಅದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ, ಹಾಕಿದ್ದನ್ನು ಮಣ್ಣು ನುಂಗುತ್ತದೆ, ಮಣ್ಣಿನ ಆಯಸ್ಸೂ ಕಡಿಮೆಯಾಗುತ್ತದೆ.

ಬೇಸಿಗೆಯಲ್ಲಿ ಇನ್ನೊಂದು. ಆವಿಯಾಗಿ ಹೋದದ್ದು ಬರಿಯ ನೀರು, ಲವಣ ಟ್ಯಾಂಕಿನಲ್ಲೇ ಉಳಿದಿರುತ್ತದೆ. ಹಾಗಾಗಿ ಮಟ್ಟ ಇಳಿದಾಗ ತುಂಬಬೇಕಾದ್ದು ಏನೂ ಬೆರೆಸದ ಆರ್‌ಓ ನೀರನ್ನು. ಜಿಪ್ಸಂ ಬೆರೆಸಿದ್ದು ವಾರದ ನೀರು ಬದಲಾವಣೆಗೆ ಮಾತ್ರ.

ಮಣ್ಣು

ಅಕ್ವಾಸಾಯಿಲ್ 9 ಲೀಟರ್ ಚೀಲ ಒಂದು ಸಾಕು. ಮುಂದೆ 3 ಸೆಂಟಿಮೀಟರ್, ಹಿಂದೆ 6ರಿಂದ 7 ಬರುವ ಹಾಗೆ ಇಳಿಜಾರು ಮಾಡಿ. ಮೊದಲ ಕೆಲವು ವಾರ ಈ ಮಣ್ಣು ಅಮೋನಿಯಾ ಬಿಡುತ್ತದೆ. ಮೊದಲ ವಾರ ದಿನಾ ಅರ್ಧ ನೀರು, ಎರಡನೇ ವಾರ ದಿನ ಬಿಟ್ಟು ದಿನ, ಆಮೇಲೆ ವಾರಕ್ಕೆರಡು ಸಲ ಬದಲಿಸಬೇಕು. ಮ್ಯಾಕ್ರಾಂಡ್ರಾವನ್ನು ಮೊದಲ ದಿನವೇ ನೆಡಬೇಡಿ. ಆ ತಿಂಗಳು ಅಗ್ಗದ, ಬೇಗ ಬೆಳೆಯುವ ಗಿಡಗಳಿರಲಿ. ಅಮೋನಿಯಾ ಕಿಟ್ ಸೊನ್ನೆ ತೋರಿಸಿದ ಮೇಲೆ ಇದರ ಸರದಿ.

ಅಲಂಕಾರಕ್ಕೆ ಹಾಕುವ ಕಲ್ಲು, ಮರಳಿನ ಮೇಲೆ ಒಂದೆರಡು ಹನಿ ವಿನೆಗರ್ ಬಿಟ್ಟು ನೋಡಿ. ಬುಸಬುಸ ನೊರೆ ಬಂದರೆ ಸುಣ್ಣ ಇದೆ, ಟ್ಯಾಂಕಿಗೆ ಬೇಡ. ಕರಾವಳಿಯ ಮರಳಿನಲ್ಲಿ ಚಿಪ್ಪಿನ ಚೂರು ಕಣ್ಣಿಗೆ ಕಾಣದಷ್ಟು ಸಣ್ಣಗೆ ಬೆರೆತಿರುತ್ತದೆ.

ಗ್ಯಾಸಿನ ವಿಷಯ

ಸಿಓಟು, ಅಂದರೆ ಇಂಗಾಲದ ಡೈಆಕ್ಸೈಡ್ ಗ್ಯಾಸು, ಇಲ್ಲದೆ ಮ್ಯಾಕ್ರಾಂಡ್ರಾ ಬೆಳೆಸಿದೆ ಅನ್ನುವವರನ್ನು ಮೂರು ತಿಂಗಳು ಬಿಟ್ಟು ಮತ್ತೆ ಕೇಳಬೇಕು. ವ್ಯಾಲಿಸ್ನೇರಿಯಾದಂಥ ಗಿಡ ನೀರಿನ ಬೈಕಾರ್ಬೊನೇಟಿನಿಂದಲೂ ಇಂಗಾಲ ಹೀರಿಕೊಳ್ಳಬಲ್ಲದು. ಮೆದು ನೀರಿನ ಗಿಡಗಳಿಗೆ ಸಾಮಾನ್ಯವಾಗಿ ಆ ಸೌಲಭ್ಯವಿಲ್ಲ. ಕರಗಿದ ಸಿಓಟು ಒಂದೇ ಗತಿ, ಅದು ಸುಮಾರು 30 ಪಿಪಿಎಂ ಇರಬೇಕು.

ಆ 30 ಬಂದಿದೆಯೇ ಅಂತ ತಿಳಿಯಲು ಗುಳ್ಳೆ ಎಣಿಸಿದರೆ ಆಗದು. ಗುಳ್ಳೆಯ ಗಾತ್ರ ಗುಳ್ಳೆ ಎಣಿಸುವ ಒಂದೊಂದು ಕೌಂಟರಿನಲ್ಲಿ ಒಂದೊಂದು. ಡ್ರಾಪ್ ಚೆಕರ್‌ಗೆ (ಟ್ಯಾಂಕಿನೊಳಗೆ ಅಂಟಿಸುವ, ಗ್ಯಾಸಿಗೆ ತಕ್ಕಂತೆ ಬಣ್ಣ ಬದಲಿಸುವ ದ್ರಾವಣದ ಚಿಕ್ಕ ಬುರುಡೆ) 4 ಕೆಎಚ್ ದ್ರಾವಣವನ್ನೇ ಹಾಕಬೇಕು, ಟ್ಯಾಂಕಿನ ನೀರನ್ನಲ್ಲ. ಬಣ್ಣ ತಿಳಿಹಸಿರಾದರೆ ಸುಮಾರು 30, ನೀಲಿಯಾದರೆ ಕಡಿಮೆ, ಹಳದಿಯಾದರೆ ಮೀನಿಗೆ ಅಪಾಯ. ಆದರೆ ಅದು ಒಂದೆರಡು ಗಂಟೆ ಹಿಂದಿನ ಸುದ್ದಿ ಹೇಳುತ್ತದೆ. ಇನ್ನೂ ನಿಖರ ಬೇಕಾದರೆ ಒಂದು ಲೋಟ ಟ್ಯಾಂಕ್ ನೀರನ್ನು 24 ಗಂಟೆ ಹೊರಗಿಟ್ಟು ಪಿಎಚ್ ಅಳೆಯಿರಿ. ಲೈಟ್ ಹತ್ತುವ ಹೊತ್ತಿಗೆ ಟ್ಯಾಂಕಿನ ಪಿಎಚ್ ಅದಕ್ಕಿಂತ ಒಂದು ಪೂರ್ತಿ ಅಂಕ ಕೆಳಗಿರಬೇಕು. ಲೋಟದಲ್ಲಿ 7.2 ಇದ್ದರೆ ಟ್ಯಾಂಕಿನಲ್ಲಿ 6.2.

'ಲೈಟ್ ಹತ್ತುವ ಹೊತ್ತಿಗೆ' ಅನ್ನುವುದು ಮುಖ್ಯ. ಲೈಟು ಮತ್ತು ಗ್ಯಾಸು ಒಟ್ಟಿಗೆ ಆನ್ ಆದರೆ ಮೊದಲ ಎರಡು ಗಂಟೆ ಗಿಡ ಬೆಳಕಿನಲ್ಲಿ ಹಸಿದು ನಿಂತಿರುತ್ತದೆ. ಗ್ಯಾಸು ಎರಡು ಗಂಟೆ ಮುಂಚೆ ಆನ್, ಲೈಟು ಆರುವ ಒಂದು ಗಂಟೆ ಮುಂಚೆ ಆಫ್. ಇದನ್ನು ಮಾಡುವ ಟೈಮರ್ ಯಾವುದು ಅನ್ನುವುದೂ ನಮ್ಮ ಊರುಗಳಲ್ಲಿ ದೊಡ್ಡ ಪ್ರಶ್ನೆ. ಸಾಕೆಟ್ಟಿಗೆ ಸಿಕ್ಕಿಸುವ, ತಿರುಗುವ ಹಲ್ಲಿನ ಟೈಮರ್ ಕರೆಂಟ್ ಹೋದಾಗ ನಿಂತುಬಿಡುತ್ತದೆ. ದಿನಕ್ಕೆ ಅರ್ಧ ಗಂಟೆ ಕರೆಂಟ್ ಹೋದರೂ ಆರು ದಿನದಲ್ಲಿ ಮೂರು ಗಂಟೆ ಹಿಂದೆ ಬಿದ್ದಿರುತ್ತದೆ. ಲೈಟಿನ ಟೈಮರ್ ಇನ್ವರ್ಟರ್ ಲೈನಿನಲ್ಲಿ, ಗ್ಯಾಸಿನದು ಮಾಮೂಲಿ ಲೈನಿನಲ್ಲಿ ಇದ್ದರಂತೂ ಎರಡಕ್ಕೂ ತಾಳಮೇಳವೇ ಇಲ್ಲ. ಎಲ್ಲ ಸರಿಯಿದ್ದೂ ಕುಡಿ ಮುರುಟುತ್ತಿದೆ ಅನ್ನುವವರು ಮೊದಲು ನೋಡಬೇಕಾದ್ದು ಟೈಮರ್ ಗಡಿಯಾರ ತೋರಿಸುವ ಹೊತ್ತನ್ನು. ಒಳಗೆ ಬ್ಯಾಟರಿ ಇರುವ ಡಿಜಿಟಲ್ ಟೈಮರ್ ಕೊಳ್ಳಿ.

ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್), ಅಡುಗೆ ಸೋಡಾ ಬೆರೆಸಿ ಗ್ಯಾಸು ಮಾಡುವ ಸ್ಟೀಲ್ ಜನರೇಟರ್ ಚಿಕ್ಕ ಟ್ಯಾಂಕಿಗೆ ನಡೆಯುತ್ತದೆ. 200 ಗ್ರಾಂ ಸೋಡಾದಿಂದ ಹೆಚ್ಚೆಂದರೆ 105 ಗ್ರಾಂ ಗ್ಯಾಸ್ ಬರುತ್ತದೆ. ಪೂರ್ತಿ ಪ್ರತಿಕ್ರಿಯೆಗೆ ಅಷ್ಟು ಸೋಡಾಕ್ಕೆ 150 ಗ್ರಾಂ ಚಿಲ್ಲರೆ ನಿಂಬೆ ಉಪ್ಪು ಸಾಕು, ಎರಡನ್ನೂ 200 ಗ್ರಾಂ ಹಾಕುವ ರೂಢಿಯಿಂದ ಸ್ವಲ್ಪ ಹುಳಿ ಉಳಿಯುತ್ತದೆ, ತೊಂದರೆಯಿಲ್ಲ. ತೊಂದರೆ ಇರುವುದು ಅದು ಮುಗಿಯುವ ದಿನ. ಒತ್ತಡ ಇಳಿಯುತ್ತಾ ಬಂದು ಗುಳ್ಳೆ ನಿಧಾನವಾಗಿ, ಎರಡು ದಿನ ಯಾರೂ ಗಮನಿಸದೆ ಗಿಡ ಹಸಿಯುತ್ತದೆ. ಸೊಲೆನಾಯ್ಡ್ (ಕರೆಂಟ್ ಹೋದಾಗ ಗ್ಯಾಸು ಮುಚ್ಚುವ ವಾಲ್ವ್) ಇಲ್ಲದ ಮಾದರಿಯಾದರೆ ಕರೆಂಟ್ ಹೋಗಿ ಫಿಲ್ಟರ್ ನಿಂತರೂ ರಾತ್ರಿಯಿಡೀ ಗ್ಯಾಸ್ ಹೋಗುತ್ತಲೇ ಇರುತ್ತದೆ, ಬೆಳಿಗ್ಗೆ ಮೀನು ಮೇಲ್ಮೈಯಲ್ಲಿ ಬಾಯಿ ಬಡಿಯುತ್ತಿರುತ್ತದೆ. ಮ್ಯಾಕ್ರಾಂಡ್ರಾವೇ ಗುರಿಯಾದರೆ ಸಿಲಿಂಡರಿಗೇ ದುಡ್ಡು ಹಾಕುವುದು ವಾಸಿ.

ಸಿಲಿಂಡರಿನ ಗೇಜನ್ನು ನೋಡಿ ಎಷ್ಟು ಗ್ಯಾಸ್ ಉಳಿದಿದೆ ಅಂತ ಹೇಳಲಾಗದು. ಒಳಗೆ ದ್ರವ ಇರುವಷ್ಟು ದಿನ ಮುಳ್ಳು ಒಂದೇ ಕಡೆ, 20 ಡಿಗ್ರಿಯಲ್ಲಿ ಸುಮಾರು 57 ಬಾರ್‌ನಲ್ಲಿ ನಿಂತಿರುತ್ತದೆ. ದ್ರವ ಮುಗಿದ ಮೇಲೆಯೇ ಇಳಿಯಲು ಶುರು. ಆಗ ಒತ್ತಡವನ್ನು ಒಂದೇ ಹಂತದಲ್ಲಿ ಇಳಿಸುವ ಸಿಂಗಲ್ ಸ್ಟೇಜ್ ರೆಗ್ಯುಲೇಟರಿನಲ್ಲಿ ಉಲ್ಟಾ ಕೆಲಸ ನಡೆಯುತ್ತದೆ. ಒಳಗಿನ ಒತ್ತಡ ಬಿದ್ದ ಹಾಗೆ ಹೊರಬರುವ ಒತ್ತಡ ಏರಿ, ಉಳಿದಿದ್ದೆಲ್ಲ ಒಟ್ಟಿಗೆ ಟ್ಯಾಂಕಿಗೆ ನುಗ್ಗಬಹುದು. ಖಾಲಿ ಸಿಲಿಂಡರಿನ ತೂಕ ಕತ್ತಿನ ಮೇಲೆ ಕೊರೆದಿರುತ್ತದೆ. ತಿಂಗಳಿಗೊಮ್ಮೆ ತೂಗಿ, ಮುಳ್ಳು ಅಲುಗಿದ ದಿನವೇ ತುಂಬಿಸಲು ಕಳಿಸಿ. ಸಿಲಿಂಡರ್ ಯಾವಾಗಲೂ ನೆಟ್ಟಗೆ ನಿಂತಿರಲಿ, ಮಲಗಿಸಿದರೆ ದ್ರವ ರೆಗ್ಯುಲೇಟರಿಗೆ ಹೋಗುತ್ತದೆ. ತುಂಬಿಸಿಕೊಂಡು ಬರುವಾಗ ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಟ್ಟು ಹೋಗಬೇಡಿ. ಪೈಪು ಸಿಲಿಕೋನಿನದು ಬೇಡ, ಅದರ ಗೋಡೆಯಿಂದಲೇ ಗ್ಯಾಸ್ ಸೋರುತ್ತದೆ. ಪಾಲಿಯುರೆಥೇನ್ ಪೈಪು ಹಾಕಿ, ಪ್ರತಿ ಜೋಡಣೆಗೂ ಸೋಪಿನ ನೊರೆ ಹಚ್ಚಿ ನೋಡಿ.

ಒಂದು ಕಡ್ಡಿ ನೆಡುವ ಬಗೆ

ಬುಡ ಕೊಳೆಯಲು ದೊಡ್ಡ ಕಾರಣ ನೀರೂ ಅಲ್ಲ, ಗ್ಯಾಸೂ ಅಲ್ಲ, ಚಿಮುಟ. ಈ ಗಿಡದ ಕಾಂಡ ಎಳೆ ಸೌತೆಕಾಯಿಯಷ್ಟು ನೀರುತುಂಬಿದ್ದು. ಅಡ್ಡಕ್ಕೆ ಹಿಡಿದು ಒತ್ತಿದರೆ ಒಳಗಿನ ಗಾಳಿಕೊಳವೆಗಳು ಕುಸಿಯುತ್ತವೆ. ಹೊರಗೆ ಏನೂ ಕಾಣದು, ಮೂರನೇ ದಿನ ಅಲ್ಲಿಂದಲೇ ಕಪ್ಪಾಗುತ್ತದೆ.

ಅಂಗಡಿಯವರು ಸುತ್ತಿದ ಸೀಸದ ಪಟ್ಟಿ, ಸ್ಪಾಂಜು, ರಬ್ಬರ್ ಬ್ಯಾಂಡ್ ಮೊದಲು ಬಿಚ್ಚಿ. ಬುಡದ ಮೆತ್ತಗಾದ ಭಾಗವನ್ನು ಹರಿತವಾದ ಕತ್ತರಿಯಿಂದ ಗೆಣ್ಣಿನ ಸ್ವಲ್ಪ ಕೆಳಗೆ ಕತ್ತರಿಸಿ. ಕಡ್ಡಿ 8ರಿಂದ 10 ಸೆಂಟಿಮೀಟರ್ ಇರಲಿ. ಕೆಳಗಿನ ಎರಡು ಗೆಣ್ಣಿನ ಎಲೆಗಳನ್ನು ಕೀಳಬೇಡಿ, ಕೀಳುವಾಗ ಕಾಂಡದ ಸಿಪ್ಪೆಯೂ ಎದ್ದು ಬರುತ್ತದೆ. ಎಲೆಯ ಬುಡಕ್ಕೆ ಹತ್ತಿರ ಕತ್ತರಿಸಿ, ಒಂದು ಚೂರು ಉಳಿಯಲಿ. ಆ ಚೂರು ಮಣ್ಣಿನಲ್ಲಿ ಆಧಾರವಾಗಿಯೂ ನಿಲ್ಲುತ್ತದೆ. ಈಗ ಉದ್ದನೆಯ ಚಿಮುಟದ ಎರಡು ಕಾಲುಗಳ ನಡುವೆ ಕಾಂಡವನ್ನು ಉದ್ದುದ್ದಕ್ಕೆ, ಪೆನ್ಸಿಲ್ ಪೆಟ್ಟಿಗೆಯಲ್ಲಿ ಪೆನ್ಸಿಲ್ ಮಲಗಿಸಿದ ಹಾಗೆ ಇಡಿ. ತುದಿ ತುದಿ ಸೇರಬೇಕು, ಒತ್ತಬಾರದು. ಮಣ್ಣಿಗೆ 45 ಡಿಗ್ರಿ ಓರೆಯಾಗಿ 3ರಿಂದ 4 ಸೆಂಟಿಮೀಟರ್ ಇಳಿಸಿ, ಚಿಮುಟ ಸಡಿಲಿಸಿ, ಸ್ವಲ್ಪ ಅಲುಗಿಸುತ್ತಾ ಹಿಂದಕ್ಕೆ ಎಳೆದುಕೊಳ್ಳಿ. ನೇರ ಮೇಲಕ್ಕೆ ಎತ್ತಿದರೆ ಗಿಡವೂ ಜೊತೆಗೇ ಬರುತ್ತದೆ.

ಕಡ್ಡಿಯಿಂದ ಕಡ್ಡಿಗೆ 3 ಸೆಂಟಿಮೀಟರ್ ಅಂತರ. ನೆಟ್ಟ ದಿನ ಬೋಳುಬೋಳು ಕಾಣುತ್ತದೆ ಅಂತ ಒತ್ತೊತ್ತಾಗಿ ನೆಟ್ಟರೆ ತಿಂಗಳೊಳಗೆ ಮೇಲಿನ ಎಲೆಗಳು ಕೆಳಗಿನವಕ್ಕೆ ಕೊಡೆ ಹಿಡಿದು, ಬುಡ ಬರಿಯ ಕಡ್ಡಿಯಾಗುತ್ತದೆ. ಫಿಲ್ಟರಿನ ಧಾರೆ ನೇರ ಎಲೆಗೆ ಬೀಳಬಾರದು, ತೆಳು ಎಲೆ ಹರಿಯುತ್ತದೆ. ಸ್ಪ್ರೇ ಬಾರ್ ಹಾಕಿ ಧಾರೆಯನ್ನು ಹರಡಿ. ಎಲೆಗಳು ಮೆಲ್ಲಗೆ ತೂಗಿದರೆ ಸಾಕು.

ನೆಟ್ಟ ಮೇಲೆ ಎರಡು ವಾರ ಕೈ ಜೇಬಿನಲ್ಲಿರಲಿ. ಓರೆಯಾಗಿದೆ ಅಂತ ಸರಿಮಾಡಲು ಹೋಗುವುದು, ಬೇರು ಬಂತೇ ಅಂತ ಎಳೆದು ನೋಡುವುದು ಎರಡೂ ಬೇಡ. ಗಿಡ ತಾನೇ ನೆಟ್ಟಗಾಗುತ್ತದೆ.

ಬೆಳಕು, ಮತ್ತು ಕೆಂಪು ಎಲ್ಲಿಂದ ಬರುತ್ತದೆ

ಮಣ್ಣಿನ ಮಟ್ಟದಲ್ಲಿ ಪಾರ್ (ಗಿಡ ಬಳಸಬಲ್ಲ ಬೆಳಕಿನ ಅಳತೆ) ಸುಮಾರು 100 ಸಿಗುವ ಎಲ್‌ಇಡಿ ಬೇಕು. ಮೀಟರ್ ಇಲ್ಲದವರು ಗಿಡವನ್ನೇ ಮೀಟರ್ ಮಾಡಿಕೊಳ್ಳಿ. ಗೆಣ್ಣಿನಿಂದ ಗೆಣ್ಣಿಗೆ ಅಂತರ ಉದ್ದವಾಗುತ್ತಾ ಹೋದರೆ ಬೆಳಕು ಸಾಲದು. ಮೊದಲ ಮೂರು ವಾರ ಲೈಟನ್ನು ಅರ್ಧಕ್ಕಿಟ್ಟು ದಿನಕ್ಕೆ 6 ಗಂಟೆ, ಆಮೇಲೆ ವಾರಕ್ಕೆ ಶೇ 10ರಂತೆ ಏರಿಸುತ್ತಾ 7ರಿಂದ 8 ಗಂಟೆಗೆ ತನ್ನಿ. ಅದಕ್ಕಿಂತ ಹೆಚ್ಚು ಹೊತ್ತು ಉರಿಸಿದರೆ ಲಾಭ ಪಾಚಿಗೆ.

ಕೆಂಪು ಆರ್‌ಜಿಬಿ ಲೈಟಿನಡಿ ಯಾವ ಗಿಡವೂ ಕೆಂಪೇ. ನಿಜವಾದ ಬಣ್ಣ ನೋಡಬೇಕಾದರೆ ಉದುರಿದ ಒಂದು ಎಲೆಯನ್ನು ಬಿಳಿ ಕಾಗದದ ಮೇಲಿಟ್ಟು ಕಿಟಕಿಯ ಬೆಳಕಿನಲ್ಲಿ ನೋಡಿ. ತಳಭಾಗ ಕಡುಗುಲಾಬಿಯಾಗಿ, ಮೇಲ್ಭಾಗ ತಾಮ್ರದ ಬಣ್ಣಕ್ಕಿದ್ದರೆ ಗಿಡ ಒಳ್ಳೆಯ ಹದದಲ್ಲಿದೆ. ಹಸಿರುಮಿಶ್ರಿತ ಕಂದು ಬಂದರೆ ಉಳಿದದ್ದೆಲ್ಲ ಲೈಟಿನ ಆಟ.

ಐರನ್ ಹಾಕಿದರೆ ಕೆಂಪಾಗುತ್ತದೆ ಅನ್ನುವ ನಂಬಿಕೆ ಹೇಗೋ ಬೇರೂರಿದೆ. ಕಬ್ಬಿಣ ಬೇಕಾದ್ದು ಎಲೆಯ ಹಸಿರು ತಯಾರಾಗಲು. ಕೆಂಪು ಆಂಥೋಸಯನಿನ್ ಎಂಬ ಬೇರೆಯೇ ಬಣ್ಣ. ಬೆಳಕು ಜೋರಾಗಿದ್ದು ನೈಟ್ರೇಟ್ ಸ್ವಲ್ಪ ಬಿಗಿಯಾದಾಗ ಗಿಡ ಅದನ್ನು ಹೆಚ್ಚು ಮಾಡಿಕೊಳ್ಳುತ್ತದೆ. ಕಬ್ಬಿಣ ತೀರ ಕಡಿಮೆಯಾದರೆ ಕುಡಿ ಬಿಳಚಿ, ನರ ಮಾತ್ರ ಹಸಿರಾಗಿ ಉಳಿಯುತ್ತದೆ, ಆಗ ಹಾಕಬೇಕು. ಸಾಕಷ್ಟು ಇದ್ದ ಮೇಲೆ ಇನ್ನೂ ಸುರಿದರೆ ಕೆಂಪು ಬರುವುದಿಲ್ಲ.

ನೈಟ್ರೇಟನ್ನು ಸೊನ್ನೆಗೆ ಇಳಿಸಿದರೆ ಇನ್ನೂ ಕೆಂಪಾಗಬಹುದಲ್ಲ ಅಂತ ಮುಂದಿನ ಪ್ರಶ್ನೆ ಬರುತ್ತದೆ. ಒಂದು ವಾರ ಕೆಂಪಾಗುತ್ತದೆ, ಆಮೇಲೆ ಕೆಳಗಿನ ಎಲೆಗಳನ್ನು ತಿಂದು ಕುಡಿ ಬೆಳೆಯುತ್ತದೆ, ಆಮೇಲೆ ಅದೂ ನಿಲ್ಲುತ್ತದೆ. 5 ಪಿಪಿಎಂ ಹತ್ತಿರ ನಿಲ್ಲಿಸುವುದು ಒಳ್ಳೆಯ ನಡುದಾರಿ.

ಗೊಬ್ಬರದಂಗಡಿಯಿಂದಲೇ

ಅಕ್ವೇರಿಯಂ ಗೊಬ್ಬರದ ಬಾಟಲಿಯಲ್ಲಿರುವುದು ಡ್ರಿಪ್ ನೀರಾವರಿಯ ರೈತರು ಬಳಸುವ ಅದೇ ಲವಣ, ಬೆಲೆ ಮಾತ್ರ ಬೇರೆ. ಗೊಬ್ಬರದಂಗಡಿಯಲ್ಲಿ 13-0-45 ಅಂದರೆ ಪೊಟ್ಯಾಷಿಯಂ ನೈಟ್ರೇಟ್, 0-52-34 ಅಂದರೆ ಮೋನೋ ಪೊಟ್ಯಾಷಿಯಂ ಫಾಸ್ಫೇಟ್, 0-0-50 ಅಂದರೆ ಪೊಟ್ಯಾಷಿಯಂ ಸಲ್ಫೇಟ್. ನೀರಿನಲ್ಲಿ ಪೂರ್ತಿ ಕರಗುವ ದರ್ಜೆಯದೇ ಕೇಳಿ. 19-19-19 ಕೊಟ್ಟರೆ ಬೇಡ ಅನ್ನಿ, ಅದರಲ್ಲಿ ಅಮೋನಿಯಂ, ಯೂರಿಯಾ ರೂಪದ ಸಾರಜನಕ ಇದೆ. 12-61-0 ಕೂಡ ಅಮೋನಿಯಂ ಲವಣವೇ. ಮೀನಿಗೂ ಗಿಡಕ್ಕೂ ಎರಡೂ ಕೇಡು.

500 ಮಿಲಿ ಆರ್‌ಓ ನೀರಿಗೆ 7.5 ಗ್ರಾಂ 13-0-45, 10 ಗ್ರಾಂ 0-0-50, 1.3 ಗ್ರಾಂ 0-52-34 ಕರಗಿಸಿ ಒಂದು ಬಾಟಲಿ. ವಾರಕ್ಕೆ ಮೂರು ಸಲ 10 ಮಿಲಿ. ನಮ್ಮ 55 ಲೀಟರಿಗೆ ವಾರಕ್ಕೆ ನೈಟ್ರೇಟ್ 5, ಫಾಸ್ಫೇಟ್ 1, ಪೊಟ್ಯಾಷಿಯಂ ಸುಮಾರು 8 ಪಿಪಿಎಂ ಬೀಳುತ್ತದೆ. ಮೀನು ಹೆಚ್ಚಿದ್ದರೆ 13-0-45 ಅರ್ಧ ಮಾಡಿ.

ಕಬ್ಬಿಣಕ್ಕೆ ಬೇರೆ ಬಾಟಲಿ. ಫಾಸ್ಫೇಟಿನ ಜೊತೆ ಗಟ್ಟಿ ದ್ರಾವಣದಲ್ಲಿ ಸೇರಿಸಿದರೆ ತಳದಲ್ಲಿ ಗಷ್ಟು ಕೂರುತ್ತದೆ. 12 ಪರ್ಸೆಂಟಿನ ಫೆರಸ್ ಇಡಿಟಿಎ (ಕಬ್ಬಿಣವನ್ನು ನೀರಿನಲ್ಲಿ ಕರಗಿದಂತೆಯೇ ಹಿಡಿದಿಡುವ ಪುಡಿ) 3 ಗ್ರಾಂ, 500 ಮಿಲಿ ನೀರು. ವಾರಕ್ಕೆ ಮೂರು ಸಲ, ಮೊದಲ ಬಾಟಲಿ ಹಾಕದ ದಿನ, 5 ಮಿಲಿ. ಒಟ್ಟು ವಾರಕ್ಕೆ 0.2 ಪಿಪಿಎಂ ಆಯಿತು. ಇಡಿಟಿಎ ಪಿಎಚ್ 6.5ರ ಕೆಳಗೆ ಚೆನ್ನಾಗಿ ನಿಲ್ಲುತ್ತದೆ, ಮೇಲೆ ಹೋದರೆ ಬೇಗ ಬಿಡುತ್ತದೆ. ಇಡಿಡಿಎಚ್‌ಎ ಅನ್ನುವುದು ಗಡಸು ನೀರಿನಲ್ಲೂ ನಿಲ್ಲುತ್ತದೆ, ಆದರೆ ಟ್ಯಾಂಕ್ ನೀರು ರೋಸ್ ಶರಬತ್ತಿನ ಬಣ್ಣಕ್ಕೆ ತಿರುಗುತ್ತದೆ, ನೋಡಲು ಗಿಡಕ್ಕಿಂತ ನೀರೇ ಕೆಂಪು. ರೈತರ ಲಘು ಪೋಷಕಾಂಶದ ಮಿಶ್ರಣ ಬಳಸುವುದಾದರೆ ಚೀಟಿಯಲ್ಲಿ ತಾಮ್ರ, ಸತು ಎಷ್ಟಿದೆ ಓದಿ. ತಾಮ್ರ ಸಿಗಡಿಯನ್ನು ಕೊಲ್ಲುತ್ತದೆ, ಲಘು ಪೋಷಕಾಂಶ ಹೆಚ್ಚಾದಾಗ ಮೊದಲು ಮುರುಟುವುದೂ ಮ್ಯಾಕ್ರಾಂಡ್ರಾದ ಕುಡಿಯೇ.

ಕುಡಿ ಹೇಳುವ ಸುದ್ದಿ

ಯಾವ ಕಿಟ್ಟಿಗಿಂತಲೂ ಮೊದಲು ಕುಡಿ ಮಾತಾಡುತ್ತದೆ. ಹೊಸ ಎಲೆಯ ಜೋಡಿ ಹಿಂದಿನ ಜೋಡಿಗಿಂತ ಅಗಲವಾಗಿ, ಸಮವಾಗಿ ಬಿಚ್ಚಿಕೊಂಡರೆ ಏನನ್ನೂ ಮುಟ್ಟಬೇಡಿ. ಹೊಸ ಎಲೆ ಚಿಕ್ಕದಾಗಿ, ಮುರುಟಿ, ಕಪ್ಪುಗೆಂಪು ಗಂಟಿನಂತೆ ನಿಂತರೆ ಕಳೆದ ಮೂರು ನಾಲ್ಕು ದಿನದಲ್ಲಿ ಏನೋ ಬದಲಾಗಿದೆ. ಗ್ಯಾಸು ಮುಗಿಯುತ್ತಾ ಬಂದಿರಬಹುದು, ನೀರು ಬದಲಿಸುವಾಗ ಜಿಎಚ್ ಜಿಗಿದಿರಬಹುದು, ಲಘು ಪೋಷಕಾಂಶ ಹೆಚ್ಚಾಗಿರಬಹುದು. ಈ ಕ್ರಮದಲ್ಲೇ ಹುಡುಕಿ. ಮುರುಟಿದ ಕುಡಿ ಸರಿಹೋಗುವುದಿಲ್ಲ. ಕಾರಣ ಸರಿಮಾಡಿದ ಮೇಲೆ ಪಕ್ಕದ ಗೆಣ್ಣಿನಿಂದ ಹೊಸ ಚಿಗುರು ಬರುವವರೆಗೆ ಹತ್ತು ದಿನ ಕಾಯಬೇಕು. ಆ ಹತ್ತು ದಿನದಲ್ಲಿ ದಿನಕ್ಕೊಂದು ಔಷಧ ಹಾಕುವವರೇ ಗಿಡ ಕಳೆದುಕೊಳ್ಳುವುದು.

ಹಳೆಯ ಎಲೆಯಲ್ಲಿ ಗುಂಡುಸೂಜಿ ಚುಚ್ಚಿದಂಥ ತೂತು, ಸುತ್ತ ಹಳದಿ ಅಂಚು ಇದ್ದರೆ ಪೊಟ್ಯಾಷಿಯಂ ಸಾಲದು. ಎಲೆ ಅರ್ಧಚಂದ್ರವಾಗಿ ಹರಿದಿದ್ದರೆ ಗೊಬ್ಬರದ ದೋಷವಲ್ಲ, ಬಸವನಹುಳುವೋ ಬಾರ್ಬ್ ಮೀನೋ ತಿಂದಿದೆ. ಗೋಲ್ಡ್‌ಫಿಶ್ ಇರುವ ಟ್ಯಾಂಕಿಗೆ ಇದನ್ನು ಹಾಕುವುದು ಮೇಕೆಯ ಮುಂದೆ ಸೊಪ್ಪು ಕಟ್ಟಿದ ಹಾಗೆ.

ಏಪ್ರಿಲ್, ಮೇ ತಿಂಗಳಲ್ಲಿ ಮಂಗಳೂರು, ಕಲಬುರಗಿ ಎರಡೂ ಕಡೆ ಟ್ಯಾಂಕಿನ ನೀರು 30 ಡಿಗ್ರಿ ದಾಟುತ್ತದೆ. ಬಿಸಿ ನೀರು ಗ್ಯಾಸನ್ನು ಕಡಿಮೆ ಹಿಡಿದಿಡುತ್ತದೆ, ಗಿಡದ ಉಸಿರಾಟದ ಖರ್ಚು ಏರುತ್ತದೆ. ಮೇಲ್ಮೈಗೆ ಗಾಳಿ ಬೀಸುವ ಚಿಕ್ಕ ಫ್ಯಾನ್ ಎರಡು ಮೂರು ಡಿಗ್ರಿ ಇಳಿಸುತ್ತದೆ. ಕಲಬುರಗಿಯ ಒಣಹವೆಯಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ, ಮಂಗಳೂರಿನ ಸೆಕೆಯಲ್ಲಿ ಅಷ್ಟಿಲ್ಲ. ಅಲ್ಲಿನವರು ಆ ಎರಡು ತಿಂಗಳು ಲೈಟನ್ನು ಕಾಲುಭಾಗ ಇಳಿಸಿ ಬೆಳವಣಿಗೆಯನ್ನೇ ನಿಧಾನ ಮಾಡುವುದು ಜಾಣತನ. ಬಣ್ಣ ಮಾಸುತ್ತದೆ, ಗಿಡ ಉಳಿಯುತ್ತದೆ.

ಕತ್ತರಿಸುವುದು

ರೊಟಂಡಿಫೋಲಿಯಾವನ್ನು ಬೇಲಿ ಕತ್ತರಿಸಿದಂತೆ ಕತ್ತರಿಸುತ್ತಾ ಹೋಗಬಹುದು. ಇದನ್ನು ಹಾಗೆ ಮಾಡಬೇಡಿ. ಕುಡಿ ನೀರಿನ ಮೇಲ್ಮೈಗೆ ನಾಲ್ಕು ಬೆರಳಷ್ಟು ಹತ್ತಿರ ಬಂದಾಗ ಮೇಲಿನ 10 ಸೆಂಟಿಮೀಟರ್ ಕತ್ತರಿಸಿ, ಅದನ್ನೇ ಮತ್ತೆ ನೆಡಿ. ಉಳಿದ ಬುಡದಲ್ಲಿ ಎರಡು ಚಿಗುರು ಬರುತ್ತವೆ, ಮೊದಲ ಸಲ ಚೆನ್ನಾಗಿರುತ್ತವೆ, ಎರಡನೇ ಸಲ ಸಣಕಲು. ಆಗ ಹಳೆಯ ಬುಡವನ್ನು ತೆಗೆದು ಬಿಸಾಡಿ. ಕಿತ್ತು ಎಳೆದರೆ ಮಣ್ಣಿನೊಳಗಿನ ಅಮೋನಿಯಾ, ಕೊಳೆ ಎಲ್ಲ ಮೇಲೆದ್ದು ಎರಡು ದಿನದಲ್ಲಿ ಪಾಚಿ. ಒಂದು ಸಲಕ್ಕೆ ಐದಾರು ಬುಡ ಮಾತ್ರ, ಮಣ್ಣಿನ ಮಟ್ಟಕ್ಕೆ ಕತ್ತರಿಸಿ ಬೇರನ್ನು ಅಲ್ಲೇ ಬಿಟ್ಟರೂ ಆದೀತು. ಕತ್ತರಿಸಿದ ದಿನವೇ ಅರ್ಧ ನೀರು ಬದಲಿಸಿ.

ಇಷ್ಟೆಲ್ಲ ಯಾಕೆ ಅನ್ನುವವರಿಗೆ ಇದರದೇ ಚಿಕ್ಕ ಎಲೆಯ ತಳಿ 'ಮಿನಿ ಬಟರ್‌ಫ್ಲೈ' ಇದೆ. ಸ್ವಲ್ಪ ಗಡಸು ನೀರನ್ನೂ ತಾಳುತ್ತದೆ, ಕತ್ತರಿಗೂ ಅಷ್ಟು ಮುನಿಯುವುದಿಲ್ಲ. ದೊಡ್ಡ ಎಲೆಯ ಮೂಲ ಗಿಡದ ಗತ್ತು ಅದಕ್ಕಿಲ್ಲ ಅನ್ನುವುದು ಬೇರೆ ಮಾತು.

ಟ್ಯಾಂಕ್ ಎಷ್ಟೇ ಚೆನ್ನಾಗಿ ನಡೆಯುತ್ತಿದ್ದರೂ ನಾಲ್ಕು ಕಡ್ಡಿ ಹೊರಗೆ ಬೆಳೆಸಿಟ್ಟುಕೊಳ್ಳಿ. ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಳೆಯ ಅಕ್ವಾಸಾಯಿಲ್ ಮೂರು ಬೆರಳು ಹಾಕಿ, ಮಣ್ಣು ಕೆಸರಾಗುವಷ್ಟು ಆರ್‌ಓ ನೀರು, ಕುಡಿ ಮಾತ್ರ ಗಾಳಿಗೆ ಕಾಣುವ ಹಾಗೆ ಕಡ್ಡಿ. ಮುಚ್ಚಳ ಮೊದಲ ಎರಡು ವಾರ ಪೂರ್ತಿ ಮುಚ್ಚಿ, ಆಮೇಲೆ ದಿನಕ್ಕೊಂದು ಬೆರಳಷ್ಟು ತೆರೆಯುತ್ತಾ ಬನ್ನಿ. ನೇರ ಬಿಸಿಲು ಬೇಡ, ಬೆಳಕಿರುವ ಕಿಟಕಿ ಸಾಕು. ಶುರುಮಾಡಲು ಮಳೆಗಾಲ ಒಳ್ಳೆಯದು, ಗಾಳಿಯ ತೇವವೇ ಅರ್ಧ ಕೆಲಸ ಮಾಡುತ್ತದೆ. ಹೊರಗೆ ಬೆಳೆದ ಎಲೆ ಹಸಿರು, ಗುಂಡಗೆ. ಹದ ಕೂಡಿದರೆ ತುದಿಯಲ್ಲಿ ಗುಲಾಬಿ ಹೂವಿನ ತೆನೆಯೂ ಬರುತ್ತದೆ. ಮ್ಯಾಕ್ರಾಂಡ್ರಾ ಅಂದರೆ ಗ್ರೀಕಿನಲ್ಲಿ ದೊಡ್ಡ ಕೇಸರದ್ದು ಅಂತ ಅರ್ಥ. ನೀರಿನೊಳಗಷ್ಟೇ ಬೆಳೆಸಿದವರಿಗೆ ಆ ಹೆಸರು ಯಾಕೆ ಬಂತು ಅಂತ ತಿಳಿಯುವುದೇ ಇಲ್ಲ.